ಅರವತ್ತೊಂದನೇ ಪುಟದ ಛತ್ರಿ

ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ನನಗೆ ಆಗುವುದಿಲ್ಲ. ಧಾರವಾಡದ ಸುಭಾಸ ರಸ್ತೆಯಿಂದ ಒಳಗೆ ಹೋಗುವ ಸಂದಿಯಲ್ಲಿ ನಮ್ಮ ಬಾಡಿಗೆ ಪುಸ್ತಕದ ಲೈಬ್ರರಿ ಇದೆ. ಗೋಡೆಗೆ ಕೆಂಪಕ್ಷರದ ಬೋರ್ಡು ಹಾಕಿದ್ದೇನೆ, ಗೀಚಬ್ಯಾಡ್ರಿ ಅಂತ. ಆದರೂ ಗೀಚುತ್ತಾರೆ. ವಾರಕ್ಕೆ ಎರಡು ಮೂರು ಕಾದಂಬರಿ ಒಯ್ಯುವವರಿಗೆ ಯಾವುದು ಓದಿದ್ದು, ಯಾವುದು ಬಿಟ್ಟಿದ್ದು ನೆನಪಿರುವುದಿಲ್ಲ. ಪ್ರೀತಿಯ ಕಾದಂಬರಿಗಳ ಹೆಸರೂ ಒಂದೇ ನಮೂನೆ, ಮುಖಪುಟದ ಹುಡುಗಿಯೂ ಒಂದೇ ನಮೂನೆ. ಅದಕ್ಕೆ ಒಬ್ಬೊಬ್ಬರು ಒಂದೊಂದು ಪುಟ ಗೊತ್ತು ಮಾಡಿಕೊಂಡು ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮ ಗುರುತು ಹಾಕಿ ಇಡುತ್ತಾರೆ. ಮುಂದಿನ ಸಲ ಪುಸ್ತಕ ಕೈಗೆ ಬಂದರೆ ಮೊದಲು ಆ ಪುಟ ತೆರೆದು ನೋಡುವುದು. ಗುರುತಿದ್ದರೆ ಓದಿಯಾಗಿದೆ, ವಾಪಸು ಕಪಾಟಿಗೆ. ಒಂದು ಸುತ್ತು ಓಡಿ ಬಂದ ಪುಸ್ತಕ ತೆರೆದರೆ ಹೂವು, ಮೀನು, ಚುಕ್ಕೆ, ಓಂ, ಶಿಲುಬೆ ಎಲ್ಲ ಇರುತ್ತವೆ. ನಾನು ರಬ್ಬರು ಹಿಡಿದು ಬಯ್ಯುತ್ತ ಕೂಡುವುದು, ಬೈಸಿಕೊಂಡವರು ನಮ್ಮದಲ್ಲ ಎಂದು ಮುಖ ಆ ಕಡೆ ಮಾಡುವುದು, ಇದು ವರ್ಷಗಳಿಂದ ನಡೆದು ಬಂದ ಆಟ.

ಫೇಬಿಯದು ನಕ್ಷತ್ರ, ಇಪ್ಪತ್ತೈದನೇ ಪುಟ. ಕ್ರಿಸ್‌ಮಸ್ ತಾರೀಖು, ಮರೆಯುವುದಿಲ್ಲ ಅಂತ.

ಫೇಬಿ ಮಿಶನ್ ಕಂಪೌಂಡಿನ ಹಿಂದಿನ ಓಣಿಯಾಕೆ. ವಯಸ್ಸು ನಲವತ್ತೈದು ದಾಟಿದೆ, ಮದುವೆಯಾಗಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಚಸ್ಮಾದಂಗಡಿಯಲ್ಲಿ ಕೆಲಸ. ಮುದುಕರನ್ನು ಕುರ್ಚಿಯಲ್ಲಿ ಕೂಡಿಸಿ, ಸಣ್ಣ ಅಕ್ಷರದ ಕಾರ್ಡು ಕೈಗೆ ಕೊಟ್ಟು, ಓದ್ರಿ ಅಜ್ಜಾರ ಎಂದು ಓದಿಸುವುದು, ಮೂಗಿನ ಮೇಲೆ ಫ್ರೇಮು ಸರಿಮಾಡಿ ಕನ್ನಡಿ ಹಿಡಿಯುವುದು. ದಿನಾ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿ ಬರುವಾಗ ಆಕೆಗೆ ಓದುವ ಹೊತ್ತು. ಕಾದಂಬರಿಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿರುತ್ತಾಳೆ, ಬಿಳಿ ಬದಿ ಮೇಲೆ. ನೋಡಿದವರು ಪರೀಕ್ಷೆಯ ಪುಸ್ತಕ ಅಂದುಕೊಳ್ಳಬೇಕು.

ಮನೆಯಲ್ಲಿ ತಮ್ಮ ಸ್ಯಾಮ್, ಅವನ ಹೆಂಡತಿ ದೀನಾ. ಇಬ್ಬರೂ ಒಳ್ಳೆಯವರು. ಆದರೆ ಆ ಮನೆಯಲ್ಲಿ ಬೈಬಲ್ ಬಿಟ್ಟರೆ ಕರೆಂಟಿನ ಬಿಲ್ಲು ಮಾತ್ರ ಓದುತ್ತಾರೆ. ಈ ವಯಸ್ಸಿಗೆ ಅಕ್ಕ ಇನ್ನೂ ಹುಡುಗ ಹುಡುಗಿ ಕಥೆ ಓದುತ್ತಾಳೆಂದು ಸ್ಯಾಮ್ ಊಟಕ್ಕೆ ಕೂತಾಗ ನಗುತ್ತಾನಂತೆ. ಹಿಂದೆ ಬೆಟಗೇರಿಯಿಂದ ಒಂದು ಸಂಬಂಧ ಬಂದಿತ್ತು, ಹುಡುಗನಿಗೂ ಒಪ್ಪಿಗೆಯಿತ್ತು. ಅದೇ ವರ್ಷ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. ಬೆಟಗೇರಿಯವರು ಕಾಯುವಷ್ಟು ಕಾದರು, ಆಮೇಲೆ ಬೇರೆ ನೋಡಿಕೊಂಡರು. ಇದನ್ನು ಫೇಬಿ ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದ್ದಳು, ಅದೂ ಒಂದೇ ಸಲ.

ಶನಿವಾರ ಸಂಜೆ ಬಸ್ಸಿಳಿದು ಸೀದಾ ನಮ್ಮಲ್ಲಿಗೆ ಬರುತ್ತಾಳೆ. ಪುಸ್ತಕ ಬದಲಿಸಿಕೊಂಡು ಅಲ್ಲಿಂದ ಚರ್ಚಿಗೆ, ಕ್ವಾಯರ್ ಹಾಡಿನ ಪ್ರಾಕ್ಟೀಸಿಗೆ. ಬಂದವಳು ಆಗೆಲ್ಲ ಕೇಳುತ್ತಿದ್ದ ಮೊದಲ ಮಾತು ಒಂದೇ.

"ಯಂಕಣ್ಣಾ, ಇದರಾಗ ಯಾರೂ ಸಾಯಂಗಿಲ್ಲಲಾ?"

"ನಾ ಏನ್ ಪೋಸ್ಟ್‌ಮಾರ್ಟಂ ಮಾಡಿ ಇಟ್ಟೇನೇನ್ರಿ ಅಕ್ಕಾರ? ಒಯ್ದು ಓದಿ ನೋಡ್ರಿ."

ಆಕೆಗೆ ಬೇಕಾದದ್ದು ಸಣ್ಣ ಊರಿನ ಕಥೆ. ಒಂದು ಬೇಕರಿಯೋ ಪುಸ್ತಕದಂಗಡಿಯೋ ಇರಬೇಕು. ಎಲ್ಲಿಂದಲೋ ಒಬ್ಬಳು ಬರಬೇಕು, ಅಲ್ಲಿ ಒಬ್ಬ ಇರಬೇಕು. ನಡುವೆ ಒಂದು ಜಗಳ, ಅದೂ ತಪ್ಪು ತಿಳಿವಳಿಕೆಯದು. ಕಡೆಗೆ ಎಲ್ಲ ಸರಿಹೋಗಬೇಕು. ಪುಸ್ತಕದಂಗಡಿಯೊಳಗೇ ಪ್ರೀತಿ ಹುಟ್ಟುವ ಕಾದಂಬರಿ ಸಿಕ್ಕಿತೆಂದರೆ ಮುಗಿಯಿತು, ಎರಡು ವಾರ ಇಟ್ಟುಕೊಂಡು ಎರಡು ಸಲ ಓದುತ್ತಾಳೆ. ಆ ಕಾದಂಬರಿಗಳ ಅಂಗಡಿಯವನು ಮೆತ್ತಗೆ ಮಾತಾಡುತ್ತಾನಂತೆ, ಬಂದವರಿಗೆ ಚಹಾ ಕೊಡುತ್ತಾನಂತೆ, ಮೇಜಿನ ಮೇಲೆ ಅವನದೊಂದು ಬೆಕ್ಕು ಮಲಗಿರುತ್ತದಂತೆ. ನಮ್ಮಲ್ಲಿಗೂ ಒಂದು ಬೆಕ್ಕು ಬರುತ್ತದೆ. ಹಳೆಯ ದೀಪಾವಳಿ ಸಂಚಿಕೆಗಳ ಮೇಲೆ ಉಚ್ಚೆ ಹೊಯ್ದು ಹೋಗುತ್ತದೆ.

ಒಂದು ಸಲ ಸಿಟ್ಟಿಗೆದ್ದು ಕೇಳಿದ್ದೆ, ಎಲ್ಲಾ ಕಥೆ ಒಂದೇ ಅಲ್ಲವೇನ್ರಿ, ಮುಗಿಯುವುದೂ ಗೊತ್ತು, ಮತ್ತೆ ಯಾಕೆ ಓದುತ್ತೀರಿ ಅಂತ. ಫೇಬಿ ಚೀಲದ ಹಿಡಿಕೆ ತಿರುವುತ್ತ ನಿಂತಳು.

"ದಿನಾ ಅದಽ ಬಸ್ಸಿಗೆ ಬರತೇನಿ ಅಣ್ಣಾ. ಕಡೀಕ ಧಾರವಾಡ ಬರತೈತಿ ಅಂತ ಗೊತ್ತೈತಿ. ಆದ್ರೂ ಕಿಡಕಿ ಕಡೀನ ಕುಂದರತೇನಿ."

ನಾನು ಆಕೆಯ ಪುಸ್ತಕಕ್ಕೆ ತಾರೀಖು ಹಾಕಿ ಕೊಟ್ಟೆ.

ಯಾರೂ ಸಾಯದ ಪುಸ್ತಕ ಆರಿಸುವುದಕ್ಕೆ ಆಕೆ ತಾನೇ ಒಂದು ಉಪಾಯ ಕಂಡುಕೊಂಡಳು. ಆಕೆಗೆ ಬಹಳ ಹಿಡಿಸಿದ ಕಾದಂಬರಿಗಳಲ್ಲೆಲ್ಲ ಅರವತ್ತೊಂದನೇ ಪುಟದ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಛತ್ರಿ ಇರುತ್ತಿತ್ತು. ಹೆಸರುಕಾಳಿನಷ್ಟು ಛತ್ರಿ, ಅದಕ್ಕೊಂದು ಬಾಗಿದ ಹಿಡಿಕೆ. ಯಾರೋ ಓದುಗರ ಗುರುತು. ಆ ಛತ್ರಿಯವರು ಕಣ್ಣೀರು ತರಿಸುವ ಪುಸ್ತಕ ಮುಟ್ಟುವುದಿಲ್ಲವೆಂದು ಫೇಬಿಗೆ ಮೆಲ್ಲಗೆ ತಿಳಿಯಿತು. ಆಮೇಲೆ ನನ್ನನ್ನು ಕೇಳುವುದು ಬಿಟ್ಟಳು. ಕಪಾಟಿನ ಮುಂದೆ ನಿಂತು ಅರವತ್ತೊಂದನೇ ಪುಟ ತೆರೆಯುವುದು, ಛತ್ರಿ ಇದ್ದರೆ ಒಯ್ಯುವುದು. ನಾನು ಆ ಛತ್ರಿ ಅಳಿಸಲು ಹೋದರೆ ಕೈ ಅಡ್ಡ ತರುತ್ತಿದ್ದಳು.

ಮೊದಮೊದಲು ಅದು ಬರೀ ಗುರುತಾಗಿತ್ತು. ಬರಬರುತ್ತ ಆಕೆಗೆ ಅದು ಒಂದು ಜೀವವೇ ಆಯಿತು. ಛತ್ರಿಯವರು ಇದರ ಜಗಳದ ಭಾಗ ಎರಡು ಸಲ ಓದಿರಬೇಕು, ಪುಟ ಮೆತ್ತಗಾಗಿದೆ ಅನ್ನುತ್ತಿದ್ದಳು. ಛತ್ರಿಯವರು ಓದುವಾಗ ಚಹಾ ಕುಡಿಯುತ್ತಾರೆ, ಆದರೆ ಚೆಲ್ಲುವುದಿಲ್ಲ, ಬಟ್ಟಲಿನ ಅಂಚಿನ ಕಲೆ ಮಾತ್ರ ಇದೆ ಅನ್ನುತ್ತಿದ್ದಳು. ಆ ಪುಸ್ತಕಗಳೆಲ್ಲ ನಾನು ಗದಗಿನ ಕಡೆಯ ಒಂದು ಮುಚ್ಚಿದ ಲೈಬ್ರರಿಯಿಂದ ತಂದವು, ಛತ್ರಿಯವರು ಎಂದೋ ಸತ್ತಿರಬಹುದು ಎಂದು ನಾನು ಚಾಷ್ಟಿ ಮಾಡಿದೆ. ಆಕೆ ನಗಲಿಲ್ಲ.

ಹೋದ ಮಳೆಗಾಲದ ಶುರುವಿನಲ್ಲಿ ಹೊಸದಾಗಿ ಅಚ್ಚಾದ ಒಂದು ಕಾದಂಬರಿ ತರಿಸಿದ್ದೆ. ಇನ್ನೂ ಅಂಟಿನ ವಾಸನೆ ಹೋಗಿರಲಿಲ್ಲ. ಫೇಬಿ ಅದನ್ನು ತೆರೆದು ನೋಡಿ ಸುಮ್ಮನೆ ನನ್ನ ಮುಂದೆ ಹಿಡಿದಳು. ಅರವತ್ತೊಂದನೇ ಪುಟ. ಛತ್ರಿ.

ಅಂದರೆ ಛತ್ರಿಯವರು ಬದುಕಿದ್ದಾರೆ, ಈ ಊರಲ್ಲೇ ಇದ್ದಾರೆ, ನಮ್ಮ ಮೆಂಬರೇ ಆಗಿದ್ದಾರೆ.

ಆ ಸಂಜೆ ಫೇಬಿ ಚೀಲದಿಂದ ಪೆನ್ಸಿಲು ತೆಗೆದು, ನನ್ನ ಕಣ್ಣೆದುರಿಗೇ, ಕಪಾಟಿನಲ್ಲಿದ್ದ ನಾಲ್ಕಾರು ಹಳೆಯ ಪುಸ್ತಕಗಳ ಛತ್ರಿಯ ಮೇಲೆ ಓರೆಯಾಗಿ ಮೂರು ಮೂರು ಗೆರೆ ಎಳೆದಳು. ಮಳೆ. ನಾನು ಬಾಯಿಗೆ ಬಂದದ್ದು ಅಂದೆ. ಆಕೆ ಕೇಳಿಸಿಕೊಂಡು, ಪೆನ್ಸಿಲು ಚೀಲದಲ್ಲಿಟ್ಟು, ಕ್ವಾಯರಿಗೆ ಹೋದಳು.

ಮೂರನೇ ವಾರಕ್ಕೋ ನಾಲ್ಕನೇ ವಾರಕ್ಕೋ ಮತ್ತೊಂದು ಹೊಸ ಪುಸ್ತಕದಲ್ಲಿ ಛತ್ರಿ ಬಂತು. ಈ ಸಲ ಛತ್ರಿಯವರೇ ಅದರ ಮೇಲೆ ಓರೆಯಾಗಿ ಮೂರು ಗೆರೆ ಎಳೆದಿದ್ದರು.

ಫೇಬಿ ಅಂಗಡಿಯ ಮುಂದಿನ ಬಾಕಿನ ಮೇಲೆ ಕೂತುಬಿಟ್ಟಳು. ಆಕೆ ಅಲ್ಲಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅಣ್ಣಾ, ಇವರು ಯಾರು ಅಂತ ಕೇಳಿ ಹೇಳ್ರಿ. ನನಗ ಬ್ಯಾರೆ ಏನೂ ಬ್ಯಾಡ. ಓದಿದ ಮ್ಯಾಲ ಒಬ್ಬರ ಮುಂದ ಹೇಳಬೇಕು ಅನಸತೈತಿ. ಮನ್ಯಾಗ ಹೇಳಿದ್ರ ಸ್ಯಾಮ್ ನಗತಾನ. ಬಸ್ಸಿನ್ಯಾಗ ಯಾರಿಗೆ ಹೇಳ್ಲಿ?"

ಕೇಳುವುದೇನು ದೊಡ್ಡ ಕೆಲಸ ಅಂದುಕೊಂಡೆ. ಆ ಹೊಸ ಪುಸ್ತಕ ಆಕೆಗಿಂತ ಮೊದಲು ಮೂವರ ಕೈಗೆ ಹೋಗಿತ್ತು. ಆದರೆ ವರ್ಷಗಟ್ಟಲೆ ಗೀಚುವವರ ಮೇಲೆ ಹರಿಹಾಯ್ದವನು ನಾನು, ಈಗ ಮೆತ್ತಗೆ ಕೇಳಿದರೂ ಯಾರು ನಂಬಬೇಕು? ಮೊದಲನೆಯಾಕೆ ಹುಮಾ, ಕಾಲೇಜಿನಲ್ಲಿ ಪಾಠ ಹೇಳುವವಳು. ಈ ಛತ್ರಿ ನಿಮ್ಮದೇನ್ರಿ ಅಂದದ್ದಕ್ಕೆ, ತಾನು ಪೆನ್ಸಿಲು ಹಿಡಿದು ಯಾವ ಕಾಲವಾಯಿತೋ ಎಂದು ಆಣೆ ಮಾಡಿದಳು. ನಾನು ಕೇಳುವ ದನಿಯೇ ಪೊಲೀಸರ ದನಿ, ಚಿತ್ರ ತನ್ನದಾಗಿದ್ದರೂ ಒಪ್ಪುತ್ತಿರಲಿಲ್ಲ ಎಂದೂ ಸೇರಿಸಿದಳು. ಎರಡನೆಯವರು ಒಬ್ಬ ಡಾಕ್ಟರರ ಹೆಂಡತಿ, ಬೈಸಿಕೊಳ್ಳಬೇಕಾದೀತೆಂದು ಹೆದರಿ, ನಾ ಇಟ್ಟ ಡಿಪಾಜಿಟ್ಟು ವಾಪಸು ಕೊಡ್ರಿ ಅಂದರು.

ಮೂರನೆಯವರು ಮಾಳಮಡ್ಡಿಯ ರಮಾಕಾಂತರಾಯರು. ಯುನಿವರ್ಸಿಟಿ ಆಫೀಸಿನಲ್ಲಿ ಸುಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಎಣಿಸಿದಷ್ಟು ಮಾತು. ಮಂಗಳವಾರ ಬರುತ್ತಾರೆ, ಕೈಚೀಲದಲ್ಲಿ ಪುಸ್ತಕ ತಲೆಕೆಳಗಾಗಿ ಇಟ್ಟುಕೊಂಡು. ಅವರಿಗೂ ಮದುವೆಯಾಗಿಲ್ಲ, ವಿಧವೆ ತಂಗಿ ತಾರಾಬಾಯಿಯ ಜೊತೆಗೆ ಇದ್ದಾರೆ. ಆ ತಂಗಿ ಮನೆಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಾರೆ. ಪುಸ್ತಕವೆಲ್ಲ ತಂಗಿಗೆ. ನಮ್ಮಲ್ಲಿಗೆ ಬರಲು ಹತ್ತಿದ ದಿನದಿಂದ ಅವರ ಮಾತು ಅದೇ, ತಂಗಿಗೆ ಏನರೆ ಛಲೋದು ಕೊಡ್ರಿ ಅಂತ. ನಾನು ಛತ್ರಿ ತೋರಿಸಿದೆ. ರಾಯರ ಕಿವಿ ಕೆಂಪಾದವು.

"ಛೇ ಛೇ, ನಾ ಎಲ್ಲಿ ಓದಲಿಕ್ಕೆ ಹೋಗ್ಲಿ ಇವನ್ನ? ತಂಗಿ ಓದ್ತಾಳ. ಆಕೀನೂ ಹಿಂಗೆಲ್ಲಾ ಗೀಚಾಕಿ ಅಲ್ರೀ."

ತಂಗಿಯ ತಪ್ಪು ಮುಚ್ಚುತ್ತಿದ್ದಾರೆಂದು ನಾನು ಅವರಿಗೆ ಅಲ್ಲೇ ಹೇಳಿದೆ. ಅವರು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋದರು.

ತಾರಾಬಾಯಿಯೇ ಛತ್ರಿಯವರು ಎಂದು ಕೇಳಿ ಫೇಬಿಯ ಮುಖ ಅರಳಿದ್ದು ನೋಡಬೇಕಿತ್ತು. ಹೆಣ್ಣುಮಗಳಾದದ್ದು ಛಲೋ ಆಯಿತು, ಸಂಕೋಚವಿಲ್ಲದೆ ಮನೆಗೇ ಹೋಗಬಹುದು ಅಂದಳು. ಆದರೆ ಒಬ್ಬಳೇ ಹೋಗಲು ನಾಚಿಕೆ. ಭಾನುವಾರ ಚರ್ಚು ಬಿಟ್ಟ ಮೇಲೆ ನನ್ನ ಸ್ಕೂಟರಿನ ಹಿಂದೆ ಕೂತು ಬಂದಳು. ತಾನೇ ಮಾಡಿದ ಕೇಕು ಡಬ್ಬಿಯಲ್ಲಿತ್ತು. ನೀಲಿ ಸೀರೆ, ಅದರ ನೆರಿಗೆ ಕೆಡದಿರಲೆಂದು ದಾರಿಯುದ್ದಕ್ಕೂ ಒಂದು ಕೈಯಿಂದ ಹಿಡಿದುಕೊಂಡಿದ್ದಳು.

ತಾರಾಬಾಯಿ ದಪ್ಪನೆಯ ನಗುಮೊಗದ ಹೆಂಗಸು. ಹಾರ್ಮೋನಿಯಂ ಮುಂದೆ ಕೂತಿದ್ದರು. ನಾನು ಲೈಬ್ರರಿಯವನು ಅಂದೆ. ಫೇಬಿ ಕೂಡುವುದರೊಳಗೇ ಆ ಹೊಸ ಕಾದಂಬರಿಯ ಮಾತು ತೆಗೆದಳು. ಬೇಕರಿಯ ಹುಡುಗಿ ಕಡೆಗೆ ತಿರುಗಿ ಬಂದದ್ದು ಸರಿ ಅನಿಸಿತೇನ್ರಿ ನಿಮಗೆ ಎಂದು ಕೇಳಿದಳು. ಎಷ್ಟು ದಿನದಿಂದ ಆ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗಿದ್ದಳೋ.

"ಯಾವ ಬೇಕರಿವಾ? ಕಾದಂಬರೀನ? ನನಗ ಈ ಪೇಟಿ ಬಿಟ್ರ ಬ್ಯಾರೆ ಏನೂ ಗೊತ್ತಿಲ್ಲ. ಕಾಲೇಜಿನ್ಯಾಗ ಓದಿದ್ದಽ ಕಡೀದು ನೋಡು. ನಾ ಓದ್ತೇನಂತ ಯಾರು ಹೇಳಿದ್ರು ನಿಮಗ?"

ಒಳಗಿನ ಬಾಗಿಲಲ್ಲಿ ಬಟ್ಟಲು ಕಟಕಟ ಅಂದವು. ರಮಾಕಾಂತರಾಯರು ಚಹಾದ ತಾಟು ಹಿಡಿದು ನಿಂತಿದ್ದರು. ಮುಂದಕ್ಕೂ ಬರುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ.

ನನಗೆ ಎಲ್ಲ ಒಮ್ಮೆಲೇ ತಿಳಿಯಿತು, ತಿಳಿದ ಕೂಡಲೇ ನೆತ್ತಿಗೇರಿತು. ಇಷ್ಟು ವರ್ಷ ತಂಗಿ ತಂಗಿ ಎಂದು ನನ್ನ ಮುಂದೆ ನಿಂತು ಹೇಳಿದ ಮನುಷ್ಯ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಫೇಬಿ ಮಾತಾಡಿದಳು.

"ಬ್ಯಾರೆ ತಾರಾಬಾಯಿ ಇರಬೇಕ್ರಿ. ಮನಿ ತಪ್ಪಿ ಬಂದೀವಿ. ಈ ಯಂಕಣ್ಣಗ ಹೆಸರು ನೆನಪಽ ಇರಂಗಿಲ್ಲ."

ತಾರಾಬಾಯಿ ನಕ್ಕು, ತಪ್ಪಿ ಬಂದರೂ ಬಂದಿರಲ್ಲ, ಚಹಾ ಕುಡಿದು ಹೋಗ್ರಿ ಅಂದರು. ರಾಯರು ತಾಟು ತಂದು ಇಟ್ಟರು. ಫೇಬಿ ಬಟ್ಟಲು ತೆಗೆದುಕೊಂಡು, ಒಂದು ಗುಟುಕು ಕುಡಿದು, ಚಹಾ ಛಲೋ ಆಗೇತ್ರಿ ಅಂದಳು. ರಾಯರು ತಲೆ ತಗ್ಗಿಸಿದರು. ಆ ಮನೆಯಲ್ಲಿ ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಕೇಕಿನ ಡಬ್ಬಿ ಅಲ್ಲೇ ಬಿಟ್ಟು ಬಂದಳು.

ಹೊರಗೆ ಬಂದ ಮೇಲೆ ನಾನು ಸ್ಕೂಟರಿಗೆ ಒದೆಯುವ ಬದಲು ಕಂಬಕ್ಕೆ ಒದ್ದೆ. ಸುಳ್ಳ, ಪುಕ್ಕಲ, ಮಂಗಳವಾರ ಬರಲಿ, ನಾಲ್ಕು ಮಂದಿಯ ಮುಂದೆ ಕೇಳುತ್ತೇನೆ ಅಂದೆ. ನಿಮ್ಮ ಬಾಯಿ ಯಾಕೆ ಕಟ್ಟಿಹೋಯಿತು, ಇಲ್ಲಿಯ ತನಕ ಬಂದದ್ದು ಯಾತಕ್ಕೆ ಎಂದೂ ಕೇಳಿದೆ.

"ನಾನೂ ಪುಸ್ತಕಕ್ಕ ಕ್ಯಾಲೆಂಡರ್ ಹಾಳಿ ಹಾಕತೇನಿ ಅಣ್ಣಾ," ಅಂದಳು ಫೇಬಿ. "ಅವರು ತಂಗಿ ಹೆಸರು ಹಾಕ್ಯಾರ. ನೀವೇನೂ ಕೇಳಬ್ಯಾಡ್ರಿ. ನನ್ನ ಮ್ಯಾಲ ಆಣಿ."

ಕೇಳುವ ಪ್ರಸಂಗವೇ ಬರಲಿಲ್ಲ. ಆ ಮಂಗಳವಾರ ರಾಯರು ಬರಲಿಲ್ಲ, ಮುಂದಿನ ಮಂಗಳವಾರವೂ ಇಲ್ಲ. ಅವರ ಹತ್ತಿರ ನಮ್ಮದೊಂದು ಪುಸ್ತಕ ಉಳಿದಿತ್ತು. ಪುಸ್ತಕದಂಗಡಿಯ ಕಥೆಯದು, ಫೇಬಿ ಇನ್ನೂ ಓದದೇ ಇದ್ದದ್ದು.

ಶನಿವಾರ ಶನಿವಾರ ಫೇಬಿ ಬರುತ್ತಿದ್ದಳು. ಹೊಸ ಪುಸ್ತಕ ತೆರೆದು ಅರವತ್ತೊಂದನೇ ಪುಟ ನೋಡುತ್ತಿದ್ದಳು. ಬೇರೆ ಪುಟಗಳಲ್ಲಿ ಮೀನು ಇರುತ್ತಿತ್ತು, ಹೂವು ಇರುತ್ತಿತ್ತು, ಅಲ್ಲಿ ಛತ್ರಿ ಇರುತ್ತಿರಲಿಲ್ಲ. ಮುಚ್ಚಿ ಇಡುತ್ತಿದ್ದಳು. ಆಮೇಲೆ ಹಳೆಯ ಕಪಾಟಿಗೆ ಹೋಗಿ, ಛತ್ರಿಯಿದ್ದ, ತಾನು ಎಂದೋ ಓದಿದ ಕಾದಂಬರಿಯನ್ನೇ ಮತ್ತೆ ಒಯ್ಯುತ್ತಿದ್ದಳು. ತನ್ನ ನಕ್ಷತ್ರ ಇದ್ದರೂ ಒಯ್ಯುತ್ತಿದ್ದಳು. ಗಣಪತಿ ಬಂದು ಹೋದ, ದಸರೆ ಮುಗಿಯಿತು, ಸಂದಿಯಲ್ಲಿ ಆಕಾಶಬುಟ್ಟಿ ಕಟ್ಟಿದರು. ಯಾರೂ ಸಾಯುವುದಿಲ್ಲವಲ್ಲ ಎಂದು ಆಕೆ ಮೊದಲಿನ ಹಾಗೆ ನನ್ನನ್ನು ಕೇಳಲೂ ಇಲ್ಲ. ಒಂದು ದಿನ ಕಪಾಟಿನ ಕಡೆ ಮುಖ ಮಾಡಿಕೊಂಡೇ ಅಂದಳು:

"ಯಾರಂತ ಗೊತ್ತಾಗದಽ ಇದ್ದಿದ್ರ ಛಲೋ ಇತ್ತು ಅಣ್ಣಾ. ಛತ್ರಿಯಾದ್ರೂ ಇರತಿತ್ತು."

ಚಳಿ ಹಿಡಿದ ಮೇಲೆ ಒಂದು ಮಂಗಳವಾರ ರಮಾಕಾಂತರಾಯರು ಬಂದರು. ಅಂಗಡಿಯಲ್ಲಿ ಹುಮಾ ಇದ್ದಳು, ಡಾಕ್ಟರರ ಹೆಂಡತಿ ಇದ್ದರು, ಪೇಪರು ಓದಲು ಬರುವ ಅಲ್ಲಾವುದ್ದೀನ ಸಾಹೇಬರು ಬಾಕಿನ ಮೇಲಿದ್ದರು. ರಾಯರು ಚೀಲದಿಂದ ಪುಸ್ತಕ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಈ ಸಲ ತಲೆಕೆಳಗಾಗಿ ಅಲ್ಲ, ಮುಖಪುಟ ಮೇಲೆ ಮಾಡಿ. ನಾನು ಅರವತ್ತೊಂದನೇ ಪುಟ ತೆರೆದೆ. ಖಾಲಿ. ಇಷ್ಟು ತಿಂಗಳು ಇಟ್ಟುಕೊಂಡು ಅಲ್ಲಿಯ ತನಕವೂ ಓದಿರಲಿಲ್ಲ.

ಹೊಸದು ಏನಾದರೂ ಬಂದಿದೆಯೇ ಎಂದು ಕೇಳಿದರು.

ಆಣೆ ಫೇಬಿ ಹಾಕಿದ್ದಳು, ನಾನೇನೂ ಒಪ್ಪಿರಲಿಲ್ಲ. "ತಂಗಿಗೇನ್ರಿ?" ಅಂದೆ.

ಎಲ್ಲರೂ ತಮ್ಮ ತಮ್ಮ ಪುಸ್ತಕ ನೋಡುತ್ತಿದ್ದರು, ಎಲ್ಲರ ಕಿವಿ ಇತ್ತ ಇತ್ತು. ರಾಯರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಕಿವಿ ಮತ್ತೆ ಕೆಂಪಾದವು.

"ಅಲ್ರೀ. ನನಗ. ನಾನಽ ಓದ್ತೇನಿ."

ಅಲ್ಲಾವುದ್ದೀನ ಸಾಹೇಬರು ಪೇಪರು ಮಡಚಿ, ಅದರಾಗೇನೈತ್ರಿ ರಾಯರ, ಕುಂದರ್ರಿ ಎಂದು ಜಾಗ ಕೊಟ್ಟರು. ಹುಮಾ ತನ್ನ ಕೈಯಲ್ಲಿದ್ದ ಪುಸ್ತಕ ತೋರಿಸಿ, ಇದರ ಕಡೆಯ ಭಾಗ ಓದಿ ಹೇಳ್ರಿ, ನನಗೆ ಸೇರಲಿಲ್ಲ ಅಂದಳು. ಮುಗಿಯಿತು. ಅಷ್ಟಕ್ಕೆ ಆ ಮನುಷ್ಯ ಅಷ್ಟು ವರ್ಷ ಹೆದರಿದ್ದರು.

ಹೊಸದೊಂದು ಬಂದೇ ಇತ್ತು, ನನ್ನ ಮೊಣಕಾಲ ಹತ್ತಿರ, ಮೇಜಿನ ಕೆಳಗಿನ ಖಣದಲ್ಲಿ. ನಾನು ಅದು ಕಾಣದಂತೆ ಕಾಲು ಅಡ್ಡ ಇಟ್ಟು ಕೂತೆ. ಶನಿವಾರ ಬರುತ್ತದೆ, ಶನಿವಾರ ಸಂಜೆ ಬಂದು ಒಯ್ಯಿರಿ ಅಂದೆ. ಮಂಗಳವಾರವೇ ಬರುವುದು ತಮ್ಮ ರೂಢಿ ಅಂದರು. ಪುಸ್ತಕ ಬೇಕಾದರೆ ಶನಿವಾರ, ಬ್ಯಾಡಾದರೆ ಬೇರೆ ಲೈಬ್ರರಿ ನೋಡಿಕೊಳ್ಳಿರಿ ಎಂದು ನಾನು ದನಿ ಏರಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. ಸುಪರಿಂಟೆಂಡೆಂಟ್ ಆಗಿದ್ದವರು, ಶನಿವಾರ ಯಾರು ಬರುತ್ತಾರೆಂದು ತಿಳಿಯದೇ ಇರಲಿಲ್ಲ.

ಶನಿವಾರ ಅವರು ಮೊದಲೇ ಬಂದು ಬಾಕಿನ ತುದಿಗೆ ಕೂತರು. ತೊಡೆಯ ಮೇಲೆ ಒಂದು ಡಬ್ಬಿ. ಫೇಬಿಯ ಕೇಕಿನ ಡಬ್ಬಿ, ತೊಳೆದು ಒರೆಸಿದ್ದು. ಫೇಬಿ ಬಸ್ಸಿಳಿದು ಸಂದಿಯ ತಿರುವಿನಲ್ಲಿ ಬಂದವಳು ಅವರನ್ನು ನೋಡಿ ನಿಂತಳು. ತಿರುಗಿ ಹೋಗುತ್ತಾಳೇನೋ ಅಂದುಕೊಂಡೆ. ಆಮೇಲೆ ಬಂದು ಬಾಕಿನ ಇನ್ನೊಂದು ತುದಿಗೆ ಕೂತಳು. ರಾಯರು ಡಬ್ಬಿಯನ್ನು ನಡುವೆ ಇಟ್ಟರು. ಅದರಲ್ಲಿ ಏನೋ ತುಂಬಿಸಿ ತಂದಿದ್ದರು. ಫೇಬಿ ಮುಚ್ಚಳ ತೆರೆಯಲಿಲ್ಲ, ಏನೆಂದು ಕೇಳಲೂ ಇಲ್ಲ.

ನಾನು ರಬ್ಬರು ಹಿಡಿದುಕೊಂಡು ಒಂದೇ ಪುಟವನ್ನು ಎಷ್ಟೋ ಹೊತ್ತು ತಿಕ್ಕಿದೆ.

ಕಡೆಗೆ ಫೇಬಿ ಎದುರಿನ ಗೋಡೆಯನ್ನು ನೋಡುತ್ತ ಕೇಳಿದಳು.

"ಅರವತ್ತೊಂದನೇ ಪುಟಾನಽ ಯಾಕ್ರಿ?"

ರಾಯರೂ ಗೋಡೆಯನ್ನೇ ನೋಡಿ ಹೇಳಿದರು.

"ಅಷ್ಟರಾಗ ಇಬ್ಬರೂ ಭೆಟ್ಟಿ ಆಗಿರ್ತಾರ್ರೀ. ಮುಂದ ಹೆದರಿಕಿ ಇರೂದಿಲ್ಲ."

ಕ್ವಾಯರಿಗೆ ಹೊತ್ತಾಯಿತು ಎಂದು ನಾನು ಒಳಗಿನಿಂದ ಹೇಳಿದೆ. ಫೇಬಿಗೆ ಕೇಳಿಸಿತು. ಆಕೆ ಚೀಲವನ್ನು ಹೆಗಲಿನಿಂದ ತೆಗೆದು ಕಾಲ ಹತ್ತಿರ ಇಟ್ಟುಕೊಂಡಳು.